ಕರೆಂಟ್ ಅಳೆಯುವ ಚಿಪ್‌ನ ಮುಂದೆ ಫಿಲ್ಟರ್: ಹತ್ತು ಓಮ್‌ನ ಗಡಿ ಬಂದದ್ದೆಲ್ಲಿಂದ?

ಕರೆಂಟ್ ಅಳೆಯುವ ಆಂಪ್ಲಿಫೈಯರ್‌ನ ಇನ್‌ಪುಟ್‌ಗೆ, ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಸೇರಿಸಿ ಗದ್ದಲ ಸೋಸುವ ಫಿಲ್ಟರ್ ಹಾಕಬೇಕೆ? ಹಾಕಲೇಬೇಕು ಎನ್ನುವವರಿದ್ದಾರೆ, ಔಟ್‌ಪುಟ್‌ನಲ್ಲಿ ಹಾಕಿದರೆ ಸಾಕು ಎನ್ನುವವರಿದ್ದಾರೆ, ಹಾಕಿದರೂ ಅದರ ರೆಸಿಸ್ಟರ್ 10 ಓಮ್ ದಾಟದಿರಲಿ ಎಂದು ಎಚ್ಚರಿಸುವವರೂ ಇದ್ದಾರೆ. ಒಂದೊಂದು ಮಾತೂ ಒಂದೊಂದು ಬಗೆಯ ಚಿಪ್‌ಗೆ ಸರಿ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎಡ್ವರ್ಡ್ ವೆಸ್ಟನ್ ರೂಪಿಸಿದ ಮ್ಯಾಂಗನಿನ್ ಮಿಶ್ರಲೋಹದ ಶಂಟ್ (ಕರೆಂಟ್ ಹಾಯುವ ದಾರಿಯಲ್ಲಿಟ್ಟ, ತೀರಾ ಕಡಿಮೆ ಓಮ್‌ನ ರೆಸಿಸ್ಟರ್), ಅದರ 50 ಅಥವಾ 75 ಮಿಲಿವೋಲ್ಟ್ ಓದುವ ಮುಳ್ಳಿನ ಮೀಟರ್: ದಶಕಗಳ ಕಾಲ ಅಷ್ಟೇ ಸಾಕಾಗಿತ್ತು. ಮುಳ್ಳು ತಾನೇ ನಿಧಾನವಾದ್ದರಿಂದ ಫಿಲ್ಟರ್‌ನ ಮಾತೇ ಬರಲಿಲ್ಲ. ಮುಂದೆ ಬಂದ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್‌ಗಳ ಇನ್‌ಪುಟ್ ಕರೆಂಟ್ ಎಳೆಯುವುದು ತೀರಾ ಕಡಿಮೆ. ಅವುಗಳ ಮುಂದೆ ಒಂದು ಕಿಲೋಓಮ್ ಇಡುವುದು ರೂಢಿಯಾಯಿತು.

ಆ ರೂಢಿ ಕೈಕೊಟ್ಟದ್ದು ಬ್ಯಾಟರಿಯ ಧನ ತಂತಿಯಲ್ಲೇ ಕರೆಂಟ್ ಅಳೆಯುವ ಚಿಪ್‌ಗಳು ಬಂದಾಗ. ತಮ್ಮ ಸಪ್ಲೈಗಿಂತ ಹೆಚ್ಚಿನ ವೋಲ್ಟೇಜನ್ನು ತಾಳುವ ಇಂತಹ ಅನೇಕ ಚಿಪ್‌ಗಳ ಇನ್‌ಪುಟ್‌ನಲ್ಲಿ ಒಳಗೇ ರೆಸಿಸ್ಟರ್‌ಗಳಿರುತ್ತವೆ. ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು, ನಿಲ್ಲುವುದು ಅವುಗಳ ಅನುಪಾತದ ಮೇಲೆ. ಹೊರಗೆ ಸೇರಿಸಿದ ಪ್ರತಿ ಓಮ್ ಅದನ್ನು ಕೆಡಿಸುತ್ತದೆ. ಎರಡೂ ತಂತಿಗೆ 10 ಓಮ್ ಹಾಕಿದರೆ ಇಂತಹದೇ ಚಿಪ್ ಆದ ಐಎನ್‌ಎ213ರ ಗೇನ್ ಶೇ 0.84ರಷ್ಟು ತಗ್ಗುತ್ತದೆ, ಅದೇ ಕುಟುಂಬದ ಐಎನ್‌ಎ212ರಲ್ಲಿ ಶೇ 1.77ರಷ್ಟು. ಒಳಗಿನ ರೆಸಿಸ್ಟರ್‌ಗಳು ಪರಸ್ಪರ ಹೊಂದಿಕೊಂಡಿದ್ದರೂ ಅವುಗಳ ಮೌಲ್ಯ ಚಿಪ್‌ನಿಂದ ಚಿಪ್‌ಗೆ ಬದಲಾಗುವುದರಿಂದ, ಈ ದೋಷವನ್ನು ಲೆಕ್ಕ ಹಾಕಿ ಪೂರ್ತಿಯಾಗಿ ಕಳೆಯಲೂ ಆಗದು.

ಹಾಗಾದರೆ ಔಟ್‌ಪುಟ್‌ನಲ್ಲೇ ಸೋಸಬಾರದೇ? ಒಂದು ಮಿಲಿಓಮ್ ಶಂಟ್‌ಗೆ 3 ನ್ಯಾನೋಹೆನ್ರಿ ಇಂಡಕ್ಟನ್ಸ್ (ಕರೆಂಟ್‌ನ ಬದಲಾವಣೆಯನ್ನು ತಡೆಯುವ ಗುಣ) ಇದೆ ಎಂದುಕೊಳ್ಳಿ. ಸುಮಾರು 53 ಕಿಲೋಹರ್ಟ್ಸ್ ದಾಟಿದ ಮೇಲೆ ಅದು ರೆಸಿಸ್ಟರ್‌ಗಿಂತ ಹೆಚ್ಚಾಗಿ ಇಂಡಕ್ಟರ್‌ನಂತೆ ವರ್ತಿಸುತ್ತದೆ. ಸ್ವಿಚಿಂಗ್‌ನ ಪ್ರತಿ ಅಂಚಿನಲ್ಲೂ ನಿಜವಾದ ಸಿಗ್ನಲ್‌ಗಿಂತ ದೊಡ್ಡ ಮೊನೆ ಏಳುತ್ತದೆ. ಆಂಪ್ಲಿಫೈಯರ್ ಒಮ್ಮೆ ಮಿತಿ ಮುಟ್ಟಿ ಸಿಗ್ನಲ್ ವಿಕೃತವಾದರೆ ಔಟ್‌ಪುಟ್ ಫಿಲ್ಟರ್ ಅದನ್ನು ಸರಿಪಡಿಸಲಾರದು. ಆಗ ಇನ್‌ಪುಟ್‌ನಲ್ಲೇ, ಶಂಟ್‌ನ ಇಂಡಕ್ಟನ್ಸನ್ನು ಅದರ ಓಮ್‌ನಿಂದ ಭಾಗಿಸಿದರೆ ಸಿಗುವ 3 ಮೈಕ್ರೋಸೆಕೆಂಡಿಗೆ ಸರಿಹೊಂದುವ ಫಿಲ್ಟರ್ ಬೇಕು: ಎರಡು 10 ಓಮ್, ನಡುವೆ 0.15 ಮೈಕ್ರೋಫ್ಯಾರಡ್. ಆದರೆ ಶಂಟ್‌ನಿಂದ ಬರುವ ಎರಡು ತಾಮ್ರದ ಗೆರೆಗಳನ್ನು ದೂರ ದೂರ ಎಳೆದ ಬೋರ್ಡಿನಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಕೆಪ್ಯಾಸಿಟರ್ ಆರಿಸುವ ಮೊದಲು ಆ ಗೆರೆಗಳನ್ನು ಅಕ್ಕಪಕ್ಕ ತರುವ ಕೆಲಸಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ.

ಕೆಪ್ಯಾಸಿಟರ್ ಮೂಲಕ ಇನ್‌ಪುಟ್ ಪಡೆಯುವ ಐಎನ್‌ಎ190ರಂತಹ ಚಿಪ್‌ಗಳು ಬಂದಮೇಲೆ ದೊಡ್ಡ ರೆಸಿಸ್ಟರ್‌ಗಳಿಗೆ ಮತ್ತೆ ಅವಕಾಶ ಸಿಕ್ಕಿದೆ. ಅಂತಹ ಚಿಪ್‌ಗೆ ಮಾಡಿದ ಬೋರ್ಡಿಗೆ ಹಳೆಯ ಬಗೆಯ ಬದಲಿ ಚಿಪ್ ಕೂರಿಸಿದರೆ, ಕಾಲುಗಳು ಹೊಂದಿಕೊಂಡರೂ ಫಿಲ್ಟರ್ ಹೊಂದಿಕೊಳ್ಳುವುದಿಲ್ಲ. ಬದಲಾಯಿಸುವಾಗ ಮೊದಲು ನೋಡಬೇಕಾದದ್ದು ಚಿಪ್‌ನ ಮಾಹಿತಿ ಹಾಳೆಯಲ್ಲಿ ಇನ್‌ಪುಟ್ ಬಯಾಸ್ ಕರೆಂಟ್‌ನ, ಅಂದರೆ ಇನ್‌ಪುಟ್ ತಾನೇ ಎಳೆಯುವ ಕರೆಂಟ್‌ನ ಸಾಲು.