ಸೂರ್ಯನಿಗೆ ಬೆನ್ನು ಹಾಕಿದ ಪ್ಯಾನೆಲ್

"ಸಾರ್, ಬೆಳಗ್ಗೆ ಒಂಬತ್ತಾದ್ರೂ ನಮ್ ಪ್ಯಾನೆಲ್ಲು ಸೂರ್ಯಂಗೇ ಬೆನ್ನು ಹಾಕ್ಕಂಡು ನಿಂತೈತೆ" ಎಂದು ಜಗಳೂರು ಕಡೆಯ ರೈತರೊಬ್ಬರು ಫೋನ್ ಮಾಡಿದರು. ಸೂರ್ಯ ಹೋದತ್ತ ತಾನೇ ತಿರುಗಬೇಕಾದ ಸೋಲಾರ್ ಪ್ಯಾನೆಲ್ ಅದು. ಹೋಗಿ ನೋಡಿದರೆ ತಿರುಗಿಸುವ ಮೋಟಾರು, ವೈರಿಂಗ್ ಎಲ್ಲ ಸರಿಯಾಗೇ ಇದ್ದವು. ಪ್ಯಾನೆಲ್ ಅಂಚಿನಲ್ಲಿ ಬೆಳಕು ಅಳೆಯುವ ಎರಡು ಸೆನ್ಸರ್, ನಡುವೆ ತಗಡಿನ ಅಡ್ಡಗೋಡೆ. ಯಾವ ಸೆನ್ಸರ್‌ಗೆ ಬೆಳಕು ಹೆಚ್ಚೋ ಆ ಕಡೆಗೆ ಕಂಟ್ರೋಲರ್ ಪ್ಯಾನೆಲ್ ತಿರುಗಿಸುತ್ತದೆ. ಪೂರ್ವದ ಸೆನ್ಸರ್ ಮೇಲೆ ಕಣಜವೊಂದು ಮಣ್ಣುಗೂಡು ಕಟ್ಟಿತ್ತು! ಆ ಕಣ್ಣಿಗೆ ಸದಾ ಕತ್ತಲು. ಪಶ್ಚಿಮದಲ್ಲೇ ಬೆಳಕು ಹೆಚ್ಚೆಂದು ಕಂಟ್ರೋಲರ್ ನಂಬಿಬಿಟ್ಟಿತ್ತು.

ಆ ಸೆನ್ಸರ್‌ಗಳನ್ನು ಕಿತ್ತು ಗಡಿಯಾರದ ಚಿಪ್ ಕೂರಿಸಿದೆ. ಸೂರ್ಯನನ್ನು ಹುಡುಕುವ ಅಗತ್ಯವೇ ಇಲ್ಲ, ಅವನ ದಾರಿ ಪಂಚಾಂಗದವರಿಗೆ ಎಂದೋ ಗೊತ್ತು. ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಕೊಟ್ಟರೆ ಕೋನ ಸಿಗುತ್ತದೆ. ಆದರೆ ನಡುಹಗಲನ್ನು 12 ಗಂಟೆಗೆ ಹೊಂದಿಸಿ ಕೈತೊಳೆದುಕೊಂಡವರನ್ನೂ ಕಂಡಿದ್ದೇನೆ. ನಮ್ಮ ಗಡಿಯಾರ ತೋರಿಸುವ ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 76.4ರ ಆಸುಪಾಸು. ಡಿಗ್ರಿಗೆ 4 ನಿಮಿಷದಂತೆ ಇಲ್ಲಿ ಸೂರ್ಯ ನಡುದಾರಿ ದಾಟುವುದು ಸರಾಸರಿ 12:24ಕ್ಕೆ. ನವೆಂಬರ್ ಮೊದಲ ವಾರ 12:08ರ ಸುಮಾರಿಗೆ, ಫೆಬ್ರವರಿ ನಡುವೆ 12:38ರ ಸುಮಾರಿಗೆ.

ಹಾಗೆಂದು ಕ್ಷಣಕ್ಷಣಕ್ಕೂ ಬೆನ್ನಟ್ಟುವ ಹುಚ್ಚು ಬೇಡ. 5 ಡಿಗ್ರಿ ತಪ್ಪಿದರೆ ನೇರ ಬಿಸಿಲಿನಲ್ಲಿ ನಷ್ಟ ಶೇ. 0.4, 10 ತಪ್ಪಿದರೂ ಶೇ. 1.5. ನಾನು ಹತ್ತು ನಿಮಿಷಕ್ಕೊಮ್ಮೆ ಕದಲಿಸುತ್ತೇನೆ, ಅಷ್ಟೇ. ಮೋಡದ ದಿನ ಸೆನ್ಸರ್ ನಂಬಿದ ಪ್ಯಾನೆಲ್ ಅತ್ತಿತ್ತ ತೂಗಾಡಿ ಸ್ಕ್ರೂ, ನಟ್ಟು ಸವೆಸಿಕೊಳ್ಳುತ್ತದೆ.

ನಮ್ಮ ಚಿತ್ರದುರ್ಗದ ಕಡೆ ನಿಜವಾಗಿ ಹೆದರಬೇಕಾದ್ದು ಗಾಳಿಗೆ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲವಲ್ಲ! ಆಷಾಢದಲ್ಲಿ ಓರೆಯಾಗಿ ನಿಂತ ಪ್ಯಾನೆಲ್ ಹಾಯಿಯಿದ್ದಂತೆ. ಗಾಳಿಮಾಪಕದ ಮಿತಿ ದಾಟಿದೊಡನೆ ಸೂರ್ಯನನ್ನು ಬಿಟ್ಟು ಅಡ್ಡಡ್ಡ ಮಲಗಬೇಕು, ಗಾಳಿ ತಗ್ಗಿ ಕಾಲು ಗಂಟೆಯಾದ ಮೇಲೇ ಏಳಬೇಕು. ಮೋಡ ಕವಿದಾಗಲೂ ಮೋಟಾರು ತಿರುಗಲು ಪ್ರತ್ಯೇಕ ಬ್ಯಾಟರಿ ಇರಲೇಬೇಕು. ಇದರಲ್ಲಿ ದುಡ್ಡು ಉಳಿಸಲು ನೋಡುವವರ ಕೆಲಸ ನಾನು ಒಪ್ಪುವುದಿಲ್ಲ.

ಪ್ಯಾನೆಲ್ ಹೀಗೆ ತಿರುಗುವುದರ ಲಾಭ ಮುಖ್ಯವಾಗಿ ಬೆಳಗ್ಗೆ, ಸಂಜೆ. ನಡುಹಗಲಲ್ಲಿ ಅಂಥ ವ್ಯತ್ಯಾಸವಿಲ್ಲ. ಬೋರಿನ ಪಂಪು ಬೇಗ ಶುರುವಾಗಿ ತಡವಾಗಿ ನಿಲ್ಲುತ್ತದೆ. ಬೋರಲ್ಲೇ ನೀರಿಲ್ಲದವರಿಗೆ ಇದರಿಂದೇನು? ಜಾಗವಿದ್ದು, ಇನ್ನಷ್ಟು ಕರೆಂಟು ಮಾತ್ರ ಸಾಕೆನ್ನುವವರಿಗೆ ಇದರ ಬದಲು ಇನ್ನೆರಡು ಪ್ಯಾನೆಲ್ ಹಾಕಿಸಿ ಎನ್ನುತ್ತೇನೆ.

ಗಡಿಯಾರದ ಚಿಪ್ಪಿಗೆ ನಾಣ್ಯದಷ್ಟು ಸೆಲ್ಲೊಂದಿರುತ್ತದೆ. ಅದು ಸತ್ತ ಮೇಲೆ ಕರೆಂಟೂ ಹೋದರೆ ಕೆಲವು ಚಿಪ್‌ಗಳು 2000ದ ಜನವರಿ 1ಕ್ಕೆ ಹಾರುತ್ತವೆ. ಅದಕ್ಕೇ ಸೆಲ್ ಬದಲಿಸಿದ ತಾರೀಕನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ಬರೆದಿಡುತ್ತೇನೆ.