ಮೀನಿಗೆ ಬಣ್ಣ ಹೇಗೆ ಕಂಡಿತು?

'ಗುಬ್ಬಡವು ಮಿಣಕವನ್ನು ಚಿಟುರಿತು.' ಈ ವಾಕ್ಯ ಓದಿದಿರಾ? ಈಗ ಹೇಳಿ, ಗುಬ್ಬಡವು ಏನನ್ನು ಚಿಟುರಿತು? ಮಿಣಕವನ್ನು. ಮಿಣಕವನ್ನು ಚಿಟುರಿದ್ದು ಯಾವುದು? ಗುಬ್ಬಡ. ಎರಡಕ್ಕೆ ಎರಡೂ ಸರಿ, ಪೂರ್ತಿ ಅಂಕ. ಗುಬ್ಬಡ ಅಂದರೆ ಏನು ಅಂತ ಮಾತ್ರ ನಿಮಗೂ ಗೊತ್ತಿಲ್ಲ, ಆ ಪದ ಕಟ್ಟಿದ ನನಗೂ ಗೊತ್ತಿಲ್ಲ.

ಪಾಠದ ಕೊನೆಯ ಪ್ರಶ್ನೆಗಳಿಗೆ ಮಕ್ಕಳು ಎಷ್ಟೋ ಸಲ ಹೀಗೇ ಉತ್ತರ ಬರೆಯುತ್ತಾರೆ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕುವುದು, ಅದರ ಅಕ್ಕಪಕ್ಕ ಇದ್ದದ್ದನ್ನು ಇಳಿಸಿಕೊಳ್ಳುವುದು. ಅದು ಕಳ್ಳತನವೇನಲ್ಲ. ನಾವು ಕೇಳಿದ ಪ್ರಶ್ನೆಗೆ ಅಷ್ಟೇ ಸಾಕು ಅಂತ ಮಗು ಕಂಡುಕೊಂಡಿದೆ, ಅಷ್ಟೇ.

ಫಿಲಿಪ್ ಗಫ್ ಮತ್ತು ವಿಲಿಯಂ ಟನ್‌ಮರ್ ಎಂಬ ಸಂಶೋಧಕರು 1986ರಲ್ಲಿ ಓದಿಗೆ ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರಗಳನ್ನು ಪದವಾಗಿ ಬಿಡಿಸುವ ಶಕ್ತಿ, ಆಡಿದ ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ, ಇವೆರಡನ್ನೂ ಗುಣಿಸಿದರೆ ಬರುವುದೇ ಓದಿನ ಗ್ರಹಿಕೆ. ಕೂಡುವುದಲ್ಲ, ಗುಣಿಸುವುದು. ಒಂದು ಕಡೆ ಸೊನ್ನೆ ಇದ್ದರೆ ಉತ್ತರವೂ ಸೊನ್ನೆ. ಅದಕ್ಕೇ ಪಟಪಟ ಅಂತ ಓದುವ ಮಗುವನ್ನು ನೋಡಿ 'ಇವಳಿಗೆ ಎಲ್ಲ ಅರ್ಥವಾಗಿದೆ' ಅಂದುಕೊಳ್ಳುವ ಹಾಗಿಲ್ಲ.

ಇದಕ್ಕಿಂತ ಕಷ್ಟದ ವಿಷಯ ಬೇರೆಯೇ ಇದೆ. ತನಗೆ ಅರ್ಥವಾಗಿಲ್ಲ ಅನ್ನುವುದು ಆ ಮಗುವಿಗೇ ಗೊತ್ತಿರುವುದಿಲ್ಲ. ಎಲೆನ್ ಮಾರ್ಕ್‌ಮನ್ ಎಂಬ ಮನೋವಿಜ್ಞಾನಿ 1979ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಮೂರರಿಂದ ಆರನೇ ತರಗತಿಯೊಳಗಿನ ಮಕ್ಕಳ ಮುಂದೆ ಅವರು ಪುಟ್ಟ ಪುಟ್ಟ ಬರಹಗಳನ್ನು ಇಟ್ಟರು. ಒಂದರ ಸಾರಾಂಶ ಹೀಗಿತ್ತು: ಬೆಳಕಿದ್ದರೆ ಮಾತ್ರ ಮೀನಿಗೆ ಕಣ್ಣು ಕಾಣುತ್ತದೆ. ಸಮುದ್ರದ ತಳದಲ್ಲಿ ಒಂಚೂರೂ ಬೆಳಕಿಲ್ಲ. ತಳದಲ್ಲಿರುವ ಕೆಲವು ಮೀನುಗಳು ಬಣ್ಣ ನೋಡಿ ತಮ್ಮ ಆಹಾರವನ್ನು ಗುರುತಿಸುತ್ತವೆ.

ಬೆಳಕೇ ಇಲ್ಲದ ಕಡೆ ಬಣ್ಣ ಹೇಗೆ ಕಂಡಿತು? ಹೆಚ್ಚಿನ ಮಕ್ಕಳಿಗೆ ಈ ಎಡವಟ್ಟು ಕಾಣಲೇ ಇಲ್ಲ. ಒಂದೊಂದು ವಾಕ್ಯವೂ ಬಿಡಿಬಿಡಿಯಾಗಿ ಸರಿಯಾಗಿಯೇ ಕಾಣುತ್ತಿತ್ತು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡುವ ಕೆಲಸ ಮಾತ್ರ ನಡೆದಿರಲಿಲ್ಲ. 'ಇದರಲ್ಲಿ ಏನೋ ತಪ್ಪಿದೆ, ನೋಡಿ' ಎಂದು ಮೊದಲೇ ಹೇಳಿದಾಗ ದೊಡ್ಡ ಮಕ್ಕಳು ಜಾಸ್ತಿ ಸಲ ಅದನ್ನು ಹಿಡಿದರು. ಅಂದರೆ ಶಕ್ತಿ ಇತ್ತು, ಅದನ್ನು ಬಳಸಬೇಕು ಅನ್ನುವುದು ಹೊಳೆದಿರಲಿಲ್ಲ.

ನನ್ನ ಮಟ್ಟಿಗೆ, ಓದಿನ ತಂತ್ರ ಕಲಿಸುವುದು ಅಂದರೆ ಮುಖ್ಯವಾಗಿ ಇದೇ: ಎಲ್ಲಿ ಎಡವಿದೆ ಅಂತ ಗಮನಿಸುವುದು, ನಿಲ್ಲುವುದು, ಹಿಂದಕ್ಕೆ ಹೋಗುವುದು. ಇದನ್ನು ಕಲಿಸಬೇಕು, ಸುಮ್ನೆ ಪ್ರಶ್ನೆ ಕೇಳಿದರೆ ಬರುವುದಿಲ್ಲ. ಡೊಲೋರೆಸ್ ಡರ್ಕಿನ್ ಎಂಬಾಕೆ 1970ರ ದಶಕದ ಕೊನೆಯಲ್ಲಿ ಅಮೆರಿಕದ ನಾಲ್ಕನೇ ತರಗತಿಗಳಲ್ಲಿ ಕೂತು ಓದಿನ ಪಾಠ ಗಮನಿಸಿದರು. ಒಟ್ಟು 4,469 ನಿಮಿಷ. ಅದರಲ್ಲಿ ಅರ್ಥ ಮಾಡಿಕೊಳ್ಳುವುದು ಹೇಗೆ ಎಂದು ಕಲಿಸಿದ್ದು ಅರ್ಧ ಗಂಟೆಗಿಂತಲೂ ಕಡಿಮೆ! ಅರ್ಥವಾಗಿದೆಯೇ ಎಂದು ಪರೀಕ್ಷಿಸುವುದಕ್ಕೆ ಮಾತ್ರ ಬೇಕಾದಷ್ಟು ಹೊತ್ತು ಹೋಗಿತ್ತು.

ಹಾಗಾದರೆ ಕಲಿಸುವುದು ಹೇಗೆ? ಓದುವವರ ತಲೆಯೊಳಗೆ ನಡೆಯುವುದು ಮಗುವಿಗೆ ಕಾಣುವುದಿಲ್ಲ. ಆದ್ದರಿಂದ ಟೀಚರ್ ಅದನ್ನು ಬಾಯಿಬಿಟ್ಟು ಹೇಳಬೇಕು. ಈ ಎರಡು ಸಾಲು ನೋಡಿ: 'ರವಿ ಕೊಡೆ ಮಡಚಿ ಬಾಗಿಲ ಹೊರಗೆ ಇಟ್ಟ. ಅಮ್ಮ ಬೇಗ ಟವೆಲ್ ತಂದಳು.' ಟೀಚರ್ ಇಷ್ಟನ್ನು ಓದಿ ನಿಲ್ಲಿಸುತ್ತಾರೆ. 'ಟವೆಲ್ ಯಾಕಪ್ಪಾ? ಒಳಗೆ ಬಂದವನಿಗೆ ಟವೆಲ್ ಕೊಟ್ಟರೆ ಅವನು ಒದ್ದೆಯಾಗಿರಬೇಕು. ಕೊಡೆಯೂ ಇದೆ. ಹಾಗಾದರೆ ಹೊರಗೆ ಮಳೆ. ಆದರೆ ಇಲ್ಲೆಲ್ಲೂ ಮಳೆ ಅನ್ನುವ ಪದವೇ ಇಲ್ಲ, ಅಲ್ವಾ? ಅಯ್ಯೋ, ಕೊಡೆ ಇದ್ದೂ ಯಾಕೆ ನೆನೆದ? ಗಾಳಿ ಇತ್ತೇನೋ. ಮುಂದೆ ಓದಿ ನೋಡೋಣ.' ಮಗು ಮೊದಲು ಇದನ್ನು ನೋಡುತ್ತದೆ. ಆಮೇಲೆ ಟೀಚರ್ ಜೊತೆ ಸೇರಿ ಮಾಡುತ್ತದೆ. ಕೊನೆಗೆ ತಾನೇ ಮಾಡುತ್ತದೆ.

ಈ ದಾರಿಯಲ್ಲಿ ಹೆಸರಾದದ್ದು ಆನ್‌ಮರಿ ಪಾಲಿನ್‌ಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ವಿವರಿಸಿದ ವಿಧಾನ. ನಾಲ್ಕೈದು ಮಕ್ಕಳ ಗುಂಪು, ಸರದಿಯ ಮೇಲೆ ಒಬ್ಬೊಬ್ಬರೂ ಟೀಚರ್. ಮುಂದೇನಾಗಬಹುದು ಎಂದು ಊಹಿಸುವುದು, ಪ್ರಶ್ನೆ ಹಾಕುವುದು, ಗೊಂದಲ ಬಿಡಿಸುವುದು, ಸಾರ ಹೇಳುವುದು. ಮೊದಲ ಪ್ರಯೋಗ ನಡೆದದ್ದು ಏಳನೇ ತರಗತಿಯವರ ಜೊತೆ. ಪದ ಓದಲು ಬರುತ್ತಿದ್ದರೂ ಅರ್ಥ ಹಿಡಿಯಲು ಒದ್ದಾಡುತ್ತಿದ್ದವರು ಅವರು. ಸಣ್ಣ ಮಕ್ಕಳಿಗೆ ಸಾರ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಅವರು ಇಡೀ ಕಥೆಯನ್ನು 'ಆಮೇಲೆ, ಆಮೇಲೆ' ಎನ್ನುತ್ತಾ ಮೊದಲಿನಿಂದ ಹೇಳಿಬಿಡುತ್ತಾರೆ. 'ಒಂದೇ ಉಸಿರಿನಲ್ಲಿ ಹೇಳು ನೋಡೋಣ' ಅಂದರೆ ಸ್ವಲ್ಪ ದಾರಿಗೆ ಬರುತ್ತಾರೆ.

ಆದರೆ ತಂತ್ರವೊಂದೇ ಎಲ್ಲವನ್ನೂ ಮಾಡುವುದಿಲ್ಲ. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರನ್ನು ಹಿಂದೆ ಹಾಕಿದರು. ಟವೆಲ್ ಕಂಡು ಮಳೆ ಅಂದುಕೊಂಡದ್ದೂ ಹೀಗೇ. ಅಲ್ಲಿ ಕೆಲಸ ಮಾಡಿದ್ದು ತಂತ್ರಕ್ಕಿಂತ ಹೆಚ್ಚಾಗಿ, ಮಳೆಯಲ್ಲಿ ನೆನೆದರೆ ಏನಾಗುತ್ತದೆ ಎಂಬ ತಿಳಿವಳಿಕೆ.

ಆದ್ದರಿಂದ 'ಮುಖ್ಯ ವಿಚಾರ ಗುರುತಿಸಿ' ಎಂಬ ಹಾಳೆಗಳನ್ನು ವರ್ಷವಿಡೀ ತುಂಬಿಸುವುದು ನನಗೆ ದಂಡ ಅನ್ನಿಸುತ್ತದೆ. ಡೇನಿಯಲ್ ವಿಲ್ಲಿಂಗ್‌ಹ್ಯಾಮ್ ಎಂಬ ಮನೋವಿಜ್ಞಾನಿಯ ವಾದವೂ ಇದೇ: ತಂತ್ರಗಳಿಂದ ಲಾಭವಿದೆ, ಆದರೆ ಅವನ್ನು ಬೇಗ ಕಲಿಯಬಹುದು, ಮತ್ತೆ ಮತ್ತೆ ತಿಕ್ಕಿದರೆ ಹೊಳಪೇನೂ ಹೆಚ್ಚುವುದಿಲ್ಲ. ಉಳಿದ ಹೊತ್ತನ್ನು ನಕ್ಷತ್ರ, ಇರುವೆ, ಹಳೆಯ ಕೋಟೆಗಳಿಗೆ ಕೊಡಬಹುದು. ಇನ್ನೂ ತಾವಾಗಿ ಓದಲು ಬಾರದ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಬಹುದು.

ಆ ಮೀನಿನ ಬರಹವನ್ನೇ ಮತ್ತೆ ತೆಗೆದುಕೊಳ್ಳಿ. ಒಂದು ಮಗು ಅದನ್ನು ಓದಿ ಮುಂದೆ ಹೋಗುತ್ತದೆ. ಇನ್ನೊಂದು ನಿಂತು, 'ಕತ್ತಲಲ್ಲಿ ಬಣ್ಣ ಹೇಗೆ ಕಂಡಿತು?' ಎಂದು ಕೇಳುತ್ತದೆ. ಸಮುದ್ರದ ಬಗ್ಗೆ ಒಂದಷ್ಟು ಓದಿಕೊಂಡ ಮೂರನೆಯದು ಕೈ ಎತ್ತಿ ಜಗಳಕ್ಕೇ ನಿಲ್ಲುತ್ತದೆ: 'ಒಂಚೂರೂ ಬೆಳಕಿಲ್ಲ ಅಂತ ಬರೆದಿದ್ದೇ ತಪ್ಪು ಮಿಸ್. ಆಳದಲ್ಲಿ ಕೆಲವು ಮೀನು ತಾವೇ ಬೆಳಕು ಬಿಡುತ್ತವೆ!'