ಕಂಪ್ಯೂಟರ್ ಅಪರಾಧದ ವಿಧಗಳು: ಒಂದೇ ಘಟನೆ, ಹಲವು ಕಲಂಗಳು

'ಸೈಬರ್ ಅಪರಾಧ' ಎಂಬ ಪದಕ್ಕೆ ಐಟಿ ಕಾಯ್ದೆಯಲ್ಲಿ (ಮಾಹಿತಿ ತಂತ್ರಜ್ಞಾನ ಕಾಯ್ದೆ) ವ್ಯಾಖ್ಯೆ ಹುಡುಕಬೇಡಿ, ಸಿಗುವುದಿಲ್ಲ. 2000ದ ಆ ಕಾಯ್ದೆ ಯಾವ ಯಾವ ಕೆಲಸ ಅಪರಾಧ ಅಂತ ಒಂದೊಂದಾಗಿ ಹೇಳುತ್ತದೆ, ಅಷ್ಟೆ. ಹಾಗಾಗಿ ವಿಂಗಡಿಸುವಾಗ ಮೊದಲು ಕೇಳಬೇಕಾದ್ದು, ಇಲ್ಲಿ ಕಂಪ್ಯೂಟರಿನ ಪಾತ್ರ ಏನು ಅಂತ.

ಅದರ ಮೇಲೇ ದಾಳಿ ನಡೆದರೆ ಅದು ಗುರಿ. 2017ರ ಮೇನಲ್ಲಿ ವಾನ್ನಾಕ್ರೈ ಎಂಬ ಸುಲಿಗೆ ವೈರಸ್ ಫೈಲುಗಳಿಗೆ ಬೀಗ ಹಾಕಿ ಬಿಟ್‌ಕಾಯಿನ್ ಕೇಳಿತಲ್ಲ, ಆ ಥರ. ಹಳೇ ಮೋಸವನ್ನೇ ಕಂಪ್ಯೂಟರ್ ಬಳಸಿ ಮಾಡಿದರೆ ಅದು ಸಾಧನ. ಇಸ್ಪೀಟು ಅಡ್ಡೆಯ ಲೆಕ್ಕ ಲ್ಯಾಪ್‌ಟಾಪಿನಲ್ಲಿ ಸಿಕ್ಕರೆ ಅದು ಬರೀ ಸಾಕ್ಷಿ.

ಆದರೆ ನಿಜವಾದ ಪ್ರಕರಣ ಒಂದೇ ಗುಂಪಿನಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಎಷ್ಟೋ ಜನರಿಗೆ ಬಂದಿರುವ ಸುಳ್ಳು ಮೆಸೇಜನ್ನೇ ತಗೊಳ್ಳಿ: 'ಬಿಲ್ ಕಟ್ಟಿಲ್ಲ, ರಾತ್ರಿ ಕರೆಂಟ್ ಕಟ್ ಆಗುತ್ತೆ, ಈ ನಂಬರಿಗೆ ಫೋನ್ ಮಾಡಿ.' ಫೋನ್ ಮಾಡಿದರೆ ಬೆಸ್ಕಾಂನವರು ಅಂತ ಹೇಳಿಕೊಂಡು ಒಂದು ಆಪ್ ಹಾಕಿಸುತ್ತಾರೆ, ಅದರಿಂದ ನಿಮ್ಮ ಸ್ಕ್ರೀನ್ ಅವರಿಗೆ ಕಾಣುತ್ತದೆ, ಆಮೇಲೆ ಖಾತೆ ಖಾಲಿ. ಬೇರೆಯವರ ಸೋಗು ಹಾಕಿ ವಂಚಿಸಿದ್ದು ಐಟಿ ಕಾಯ್ದೆಯ ಕಲಂ 66ಡಿ. ಪಾಸ್‌ವರ್ಡ್ ಕದ್ದು ಬಳಸಿದ್ದು 66ಸಿ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 318, ಅಂದರೆ ಮಾಮೂಲಿ ವಂಚನೆಯೂ ಸೇರುತ್ತದೆ. ಅದೇ ಫೋನು ಕೊನೆಗೆ ಸಾಕ್ಷಿಯೂ ಹೌದು, ಆ ಆಪನ್ನು ಗಾಬರಿಯಲ್ಲಿ ಅಳಿಸಿಬಿಟ್ಟರೆ ತನಿಖೆಗೆ ಕಷ್ಟ.

ತುಂಬ ಜನ ಎಡವುವುದು ಐಟಿ ಕಾಯ್ದೆಯ ಕಲಂ 43 ಮತ್ತು 66ರಲ್ಲಿ. ಅನುಮತಿ ಇಲ್ಲದೆ ಬೇರೆಯವರ ಸಿಸ್ಟಮ್ಮಿಗೆ ನುಗ್ಗುವುದು, ಡೇಟಾ ನಕಲು ಮಾಡುವುದು, ವೈರಸ್ ಬಿಡುವುದು ಎಲ್ಲ 43ರಲ್ಲಿದೆ, ಅದಕ್ಕೆ ಪರಿಹಾರ ಕಟ್ಟಿಕೊಡಬೇಕು. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚಿಸುವ ಉದ್ದೇಶದಿಂದ ಮಾಡಿದರೆ 66: 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಕೃತ್ಯ ಒಂದೇ, ಉದ್ದೇಶ ಬೇರೆ. ಕಂಪನಿ ಬಿಡುವಾಗ ಕೋಡ್ ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುವ ಪ್ರಕರಣಗಳಲ್ಲಿ ವಾದ ನಡೆಯುವುದೇ ಇದರ ಮೇಲೆ. ನಮ್ಮಂಥ ಐಟಿ ಊರಿನಲ್ಲಿ ಇದನ್ನು ಸುಮ್ನೆ ಬಾಯಿಪಾಠ ಮಾಡಿದರೆ ಸಾಲದು, ಅಲ್ವಾ?

66ಎಫ್ ಸೈಬರ್ ಭಯೋತ್ಪಾದನೆ, ಜೀವಾವಧಿವರೆಗೆ ಶಿಕ್ಷೆ. 67ಬಿ ಮಕ್ಕಳ ಅಶ್ಲೀಲ ಚಿತ್ರಗಳದ್ದು.

ಹಳೇ ಗೈಡುಗಳಲ್ಲಿ 66ಎ, ಅಂದರೆ ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದರ ಕಲಂ, ಕಂಡರೆ ಹುಷಾರು. ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದು ಮಾಡಿದೆ. ಪರೀಕ್ಷೆಯ ಉತ್ತರದಲ್ಲಿ ಅದು ಜಾರಿಯಲ್ಲಿದೆ ಅಂತ ಬರೆಯಬೇಡಿ.